ಖಾಲಿ ಕಲ್ಲಿನ ಕಾವಲುಗಾರ

ಬೈಂದೂರಿನ ಹತ್ತಿರ ಒಂದು ಮನೆಯವರು ನನ್ನ ಮಾವನನ್ನು ಮಾಟಗಾರ ಎಂದು ಇವತ್ತಿಗೂ ನಂಬಿದ್ದಾರೆ. ನಾನು ಆ ಮನೆಯವರನ್ನು ದೂರುವುದಿಲ್ಲ. ಎಪ್ಪತ್ತು ದಾಟಿದ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ನಿಮ್ಮ ಬಾವಿಕಟ್ಟೆಗೆ ಬಂದು, ಕಿಸೆಯಿಂದ ನಿಂಬೆಹಣ್ಣು ತೆಗೆದು, ಹಲ್ಲಿನಿಂದ ಕಚ್ಚಿ, ನಿಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿಂಡಿ, ಆಮೇಲೆ ಮಂಡಿಯೂರಿ ಆ ಕಲ್ಲಿಗೆ ಕಿವಿಯಿಟ್ಟು ಕೂತರೆ ನೀವಾದರೂ ಏನೆಂದುಕೊಳ್ಳುತ್ತೀರಿ?

ಸ್ಕೂಟರಿನಲ್ಲಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಆದ್ದರಿಂದ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಣಮೀನು ಹರಡುತ್ತಿದ್ದ ಮನೆಯಾಕೆ ಕೈಯಲ್ಲಿದ್ದ ಬುಟ್ಟಿ ಬಿಟ್ಟು ಓಡಿ ಬಂದರು.

"ಹ್ವಾಯ್, ಯಾರದ್? ಎಂತ ಮಾಡ್ತ್ರಿ ಅಲ್ಲಿ?"

ಮಾವ ಕಿವಿ ತೆಗೆಯದೆಯೇ ಕೈ ಎತ್ತಿ ತಡೆದರು. "ಸ್ವಲ್ಪ ಸುಮ್ನಿರಿ ಅಮ್ಮ. ಕಲ್ಲ್ ಎಂತದೋ ಹೇಳ್ತಾ ಇತ್ತ್!"

ಅಷ್ಟು ಸಾಕಾಯಿತು. ಆಕೆ ಕೂಗಿದ ಕೂಗಿಗೆ ಒಳಗಿದ್ದ ಗಂಡಸರೆಲ್ಲ ಹೊರಗೆ ಬಂದರು. ಒಬ್ಬರ ಕೈಯಲ್ಲಿ ದೊಣ್ಣೆಯೂ ಇತ್ತು. ನಾನು ಸ್ಕೂಟರ್ ಚಾಲು ಮಾಡಿ, "ಮಾವ, ಅವ್ರ್ ದೊಣ್ಣೆ ಹಿಡ್ಕಂಡ್ ಬತ್ತಿದ್ರ್!" ಎಂದು ಅರಚಿದೆ. ಮಾವ ಹಿಂದೆ ಹತ್ತಿ ಕೂತು, "ಬರ್ಲಿ. ನೊರೆ ಬಂತ್, ನೀ ಕಂಡ್ಯಾ?" ಎಂದರು. ದಾರಿಯುದ್ದಕ್ಕೂ ಅದೇ ಮಾತು. ನೊರೆ ಬಂತಂತೆ!

ಮರುದಿನ ಆ ಮನೆಯವರು, ಮಾಟ ತಗುಲಿದ ಕಲ್ಲು ಹಿತ್ತಲಲ್ಲಿ ಇರಬಾರದೆಂದು, ಅದಕ್ಕೆ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಒಂದು ತೆಂಗಿನಕಾಯಿ ಒಡೆದು, ಮಾರ್ಗದ ಬದಿಯಲ್ಲಿ ಎಸೆದಿದ್ದರು. ಮಾವ ಗೂಡ್ಸ್ ರಿಕ್ಷಾ ಮಾಡಿಕೊಂಡು ಹೋಗಿ ಹೊತ್ತು ತಂದರು. "ಪಾಪ, ಒಳ್ಳೆ ಜನ. ಕಾಯಿ ಸಮೇತ ಕೊಟ್ರ್" ಎಂದು ಅತ್ತೆಯ ಕೈಯಲ್ಲಿ ಆ ಕಾಯಿಯ ಎರಡು ಹೋಳು ಇಟ್ಟರು. ಅತ್ತೆ ಅದನ್ನು ಅಷ್ಟೇ ವೇಗದಲ್ಲಿ ತೋಡಿಗೆ ಎಸೆದರು.

ಇವರು ನನ್ನ ತಾಯಿಯ ಅಣ್ಣ. ಕುಂದಾಪುರದಿಂದ ಕುಂಭಾಶಿಯ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ, ಅತ್ತೆಯ ತವರಿನವರು ಹಿಂದೆ ಬಲೆ ಇಡುತ್ತಿದ್ದ ಹಂಚಿನ ಶೆಡ್ಡಿನಲ್ಲಿ ಒಂದು ಮ್ಯೂಸಿಯಂ ಮಾಡಿದ್ದಾರೆ. ಕಲ್ಲಚ್ಚಿನ ಮ್ಯೂಸಿಯಂ. ಆ ಶೆಡ್ಡಿನಲ್ಲಿ ಒಂದು ಶನಿವಾರ ನಡೆದದ್ದನ್ನು ಹೇಳಬೇಕೆಂದೇ ನಾನು ಬರೆಯಲು ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಇನ್ನೂ ಧೈರ್ಯ ಸಾಲದು. ಮೊನ್ನೆ ಕಾಲೇಜಿನ ಲೈಬ್ರರಿಯಲ್ಲಿ ಯಾರೋ ಸ್ಕೇಲ್ ಮುರಿದ ಸದ್ದಿಗೆ ನಾನು ಮೇಜಿನ ಕೆಳಗೆ ಕೂತಿದ್ದೆ. ಲೈಬ್ರೇರಿಯನ್ ಆದ ನನ್ನನ್ನೇ ಮೇಜಿನ ಕೆಳಗೆ ಕಂಡ ಹುಡುಗಿಯರು ಪುಸ್ತಕ ವಾಪಸು ಕೊಡುವುದನ್ನೇ ಮರೆತರು. ಹಾಗಾಗಿ ಸುತ್ತು ಬಳಸಿ ಹೋಗುತ್ತೇನೆ, ದಯವಿಟ್ಟು ಜೊತೆಗೆ ಬನ್ನಿ.

ಕಲ್ಲಚ್ಚು ಎಂದರೇನು? ನಾನೂ ಡಿಗ್ರಿ ಮುಗಿಸುವವರೆಗೆ ಅದು ಕಲ್ಲಿನಲ್ಲಿ ಅಕ್ಷರ ಕೆತ್ತುವ ಕೆಲಸವೆಂದೇ ತಿಳಿದಿದ್ದೆ. ಹಾಗೆ ಹೇಳಿದ ದಿನ ಮಾವ ನಿನ್ನ ಸರ್ಟಿಫಿಕೇಟು ತೋರಿಸು ಎಂದಿದ್ದರು. ಈ ವಿದ್ಯೆಯಲ್ಲಿ ಕೆತ್ತುವುದೂ ಇಲ್ಲ, ಕೊರೆಯುವುದೂ ಇಲ್ಲ. ಜರ್ಮನಿಯ ಕಡೆಯಿಂದ ಬರುತ್ತಿದ್ದ ಒಂದು ಜಾತಿಯ ಸುಣ್ಣಕಲ್ಲಿದೆ. ಮಜ್ಜಿಗೆಯ ಬಣ್ಣ, ಬೆಣ್ಣೆಯ ನುಣುಪು, ನಿಂಬೆ ಹಿಂಡಿದರೆ ಚುರ್ರೆಂದು ನೊರೆ. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಆಮೇಲೆ ಗೋಂದು ಹಚ್ಚಿ ಅದನ್ನು ಕಲ್ಲಿಗೆ ಕೂರಿಸುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ಒದ್ದೆ ಇದ್ದಲ್ಲಿ ಹಿಡಿಯುವುದಿಲ್ಲ. ಮೇಲೆ ಕಾಗದವಿಟ್ಟು ಒತ್ತಿದರೆ ಮುಗಿಯಿತು. ನಮ್ಮ ಅಜ್ಜಿಯರ ದೇವರ ಪಟಗಳು, ಬೆಂಕಿಪೊಟ್ಟಣದ ಲೇಬಲ್ಲುಗಳು, ಎಣ್ಣೆ ಬಾಟಲಿಯ ಮೇಲಿನ ಚೆಲುವೆಯರು, ಹೀಗೆ ಒಂದು ಕಾಲದ ಬಣ್ಣವೆಲ್ಲ ಈ ಕಲ್ಲುಗಳಿಂದಲೇ ಇಳಿದು ಬಂದದ್ದಂತೆ.

ಮಾವ ಇಷ್ಟು ಉದ್ದ ಹೇಳುವುದಿಲ್ಲ. "ಎಣ್ಣೆಗೂ ನೀರಿಗೂ ಆಪುದಿಲ್ಲೆ. ಇಷ್ಟೇ ವಿದ್ಯೆ. ನಾನೂ ನಿನ್ನತ್ತೆಯೂ ಇದ್ದಾಂಗೆ."

ಅಡುಗೆಮನೆಯಿಂದ ಅತ್ತೆಯ ದನಿ ಬರುತ್ತದೆ: "ಎಣ್ಣೆ ಯಾರ್, ನೀರ್ ಯಾರ್, ಅದ್ ಹೇಳಿ ಮೊದ್ಲ್!"

ಮಾವ ದನಿ ತಗ್ಗಿಸುತ್ತಾರೆ. "ಅಚ್ಚ್ ಬೀಳ್ಕಾರೆ ಎರಡೂ ಬೇಕ್. ಅದ್ ಅವ್ಳಿಗ್ ಹೇಳ್ಬ್ಯಾಡ."

ಮಾವ ಈ ವಿದ್ಯೆ ಕಲಿತದ್ದು ಮುಂಬಯಿಯ ಒಂದು ಲೇಬಲ್ ಪ್ರೆಸ್ಸಿನಲ್ಲಿ. ಕಲಿತದ್ದು ಎಂದರೆ ಚಿತ್ರ ಬರೆಯುವುದನ್ನಲ್ಲ, ಅಳಿಸುವುದನ್ನು. ಕಲ್ಲು ದುಬಾರಿಯದು. ಹಾಗಾಗಿ ಒಂದು ಲೇಬಲ್ಲಿನ ಅಚ್ಚು ಮುಗಿದ ಕೂಡಲೇ ಅದರ ಮೇಲೆ ಮರಳು, ನೀರು ಹಾಕಿ, ಇನ್ನೊಂದು ಕಲ್ಲಿನಿಂದ ತಿಕ್ಕಿ ತಿಕ್ಕಿ ಚಿತ್ರ ತೆಗೆದು, ಹೊಸ ಚಿತ್ರಕ್ಕೆ ಹದ ಮಾಡಬೇಕು. ಮಾವ ಇಡೀ ಯೌವನ ಮಾಡಿದ್ದು ಇದನ್ನೇ. ನವಿಲು, ಆನೆ, ಲಕ್ಷ್ಮಿ, ಸರಸ್ವತಿ, ಸೈಕಲ್ಲು, ಸೂರ್ಯ, ಇವರ ಕೈಯಲ್ಲಿ ಅಳಿಯದೆ ಉಳಿದವರಿಲ್ಲ!

ಪ್ರೆಸ್ಸು ಮುಚ್ಚಿತು. ಆ ಕಾಲದಲ್ಲಿ ಮುಂಬಯಿಯಿಂದ ಊರಿಗೆ ಬರುವವರು ಟೇಪ್ ರೆಕಾರ್ಡರ್ ತರುತ್ತಿದ್ದರು, ನೈಲಾನ್ ಸೀರೆ ತರುತ್ತಿದ್ದರು. ಮಾವ ಬಂದಿಳಿದಾಗ ಅವರ ಟ್ರಂಕನ್ನು ಲಾರಿಯಿಂದ ಇಳಿಸಲು ನಾಲ್ಕು ಜನ ಬೇಕಾದರಂತೆ. ಕೇರಿಯೆಲ್ಲ ಚಿನ್ನ ಬಂತೆಂದು ಸೇರಿತು. ಟ್ರಂಕು ತೆರೆದರೆ ಕಲ್ಲು! ಹಿಂದಿನಿಂದ ಇನ್ನೊಂದು ಲಾರಿಯಲ್ಲಿ, ನಾಲ್ಕು ಕಬ್ಬಿಣದ ಕಾಲಿನ, ನಕ್ಷತ್ರದಂಥ ಚಕ್ರದ, ಎಮ್ಮೆಯಷ್ಟು ದೊಡ್ಡ ಕೈಪ್ರೆಸ್ಸೂ ಬಂತು. ಅತ್ತೆ ಒಂದು ವಾರ ಕೇರಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಎಂಟನೆಯ ದಿನ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಮುಂದೆ ಎಷ್ಟೋ ವರ್ಷ ಆ ಮನೆಯಲ್ಲಿ ಅನ್ನ ಬೆಂದದ್ದು ಅದರಿಂದಲೇ.

ಕಲ್ಲಚ್ಚಿನಲ್ಲಿ ಕಲ್ಲಿನ ಮೇಲೆ ಎಲ್ಲವೂ ತಿರುವುಮುರುವಾಗಿರಬೇಕು, ಆಗಲೇ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಹೀಗೆ ಉಲ್ಟಾ ಅಕ್ಷರಗಳ ನಡುವೆ ಬದುಕಿದ ಮಾವನಿಗೆ ಈಗ ನೇರ ಅಕ್ಷರದ ಮೇಲೆ ನಂಬಿಕೆಯಿಲ್ಲ. ಮ್ಯೂಸಿಯಮ್ಮಿನ ಬೋರ್ಡನ್ನೂ ತಾವೇ ಉಲ್ಟಾ ಬರೆದು ಹೆದ್ದಾರಿಯ ತಿರುವಿನಲ್ಲಿ ನಿಲ್ಲಿಸಿದ್ದಾರೆ. ಅದನ್ನು ಮಲಯಾಳವೆಂದು ತಿಳಿದು ಒಳಗೆ ಬಂದು ಪರೋಟ ಇದೆಯೇ ಎಂದು ಕೇಳಿದವರಿದ್ದಾರೆ. ಸರಿಯಾಗಿ ಓದಿದವರು ಯಾರು ಗೊತ್ತೇ? ಹಾದುಹೋದ ಮೇಲೆ ತಮ್ಮ ಬೈಕಿನ ಕನ್ನಡಿಯಲ್ಲಿ ಅದನ್ನು ಕಂಡವರು! ನಮ್ಮ ಮ್ಯೂಸಿಯಮ್ಮಿಗೆ ಬಂದವರಲ್ಲಿ ಹೆಚ್ಚಿನವರು ಹೀಗೆ ಅರ್ಧ ಫರ್ಲಾಂಗು ಮುಂದೆ ಹೋಗಿ ತಿರುಗಿ ಬಂದವರೇ.

ಬಂದವರಿಗೆ ಒಂದೇ ನಿಯಮ. ಕೈ ತೊಳೆಯಬೇಕು. ಹದ ಮಾಡಿದ ಕಲ್ಲಿಗೆ ಬೆರಳು ತಾಗಿದರೂ ಸಾಕು, ಬೆರಳಿನ ಜಿಡ್ಡು ಅದರಲ್ಲಿ ಕೂತುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಶಾಯಿ ಉರುಳಿಸಿದಾಗ ಚಿತ್ರದ ನಡುವೆ ಆ ಬೆರಳು ಎದ್ದು ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಜಿಡ್ಡಿಲ್ಲದ ಬೆರಳು ಎಲ್ಲಿಂದ ತರುವುದು ಹೇಳಿ! ತಲೆಗೆ ತೆಂಗಿನೆಣ್ಣೆ, ಬಾಣಲೆಯಲ್ಲಿ ಬಂಗುಡೆ ಮೀನು. ಸಾಬೂನೂ ಆಗದು, ಸಾಬೂನಿನಲ್ಲೂ ಜಿಡ್ಡಿದೆಯಂತೆ. ಆದ್ದರಿಂದ ಬಾಗಿಲಲ್ಲಿ ಒಂದು ಬಕೆಟು ನೀರು, ಒಂದು ಡಬ್ಬಿ ಅಂಟುವಾಳದ ಪುಡಿ, ಮತ್ತು ಮಾವ.

ಒಮ್ಮೆ ಬ್ರಹ್ಮಾವರದ ಕಡೆಯಿಂದ ಒಂದು ವ್ಯಾನ್ ತುಂಬ ಅಧ್ಯಾಪಕರು ಬಂದರು. ಎಲ್ಲರ ಕೈ ತೊಳೆಸುವಷ್ಟರಲ್ಲಿ ಗಂಟೆ ಹನ್ನೊಂದಾಯಿತು. ಅಷ್ಟು ಜನ ಒದ್ದೆ ಕೈ ಹಿಡಿದುಕೊಂಡು ಸಾಲಾಗಿ ನಿಂತದ್ದನ್ನು ಕಂಡ ಅತ್ತೆಗೆ ತಡೆಯಲಾಗಲಿಲ್ಲ. "ಊಟಕ್ ಕರ್ದ್ರಾ, ಕಲ್ಲ್ ಕಾಂಬುಕ್ ಕರ್ದ್ರಾ? ಕೈ ತೊಳ್ಸಿ ಹಾಂಗೇ ನಿಲ್ಸುದಾ?" ಎಂದು ಒಗ್ಗರಣೆ ಹಾಕಿದ ಅವಲಕ್ಕಿ ಕಲಸಿ ಹಂಚಿಬಿಟ್ಟರು. ತಿಂದಾದ ಮೇಲೆ ಮಾವ ಮತ್ತೆ ಎಲ್ಲರ ಕೈ ತೊಳೆಸಿದರು. ಅಷ್ಟರಲ್ಲಿ ವ್ಯಾನಿನವನಿಗೆ ಹೊತ್ತಾಯಿತು. ಸಂದರ್ಶಕರ ಪುಸ್ತಕದಲ್ಲಿ ಅವತ್ತಿನ ಅಭಿಪ್ರಾಯಗಳೆಲ್ಲ ಈಗಲೂ ಇವೆ. ಅವಲಕ್ಕಿ ತುಂಬಾ ಚೆನ್ನಾಗಿತ್ತಂತೆ.

ಇನ್ನು ಖಾಲಿ ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಮ್ಯೂಸಿಯಮ್ಮಿನ ಒಂದೊಂದು ಕಲ್ಲಿಗೂ ಒಂದೊಂದು ಚೀಟಿ ಬರೆದುಕೊಡುವ ಕೆಲಸ ನನ್ನದು. ಎಲ್ಲಿ ಸಿಕ್ಕಿತು, ಏನು ಚಿತ್ರವಿದೆ, ಮೊದಲು ಯಾವ ಕೆಲಸದಲ್ಲಿತ್ತು. ಕೊನೆಯದು ಮುಖ್ಯ, ಏಕೆಂದರೆ ನಮ್ಮ ಕಡೆ ಹಳೆಯ ಪ್ರೆಸ್ಸುಗಳು ಬಿಸಾಡಿದ ಕಲ್ಲುಗಳು ಎಲ್ಲೆಲ್ಲೋ ನೌಕರಿ ಮಾಡುತ್ತಿದ್ದವು. ಬೈಂದೂರಿನದು ಒಗೆಯುವ ಕಲ್ಲಾಗಿತ್ತು. ಹಟ್ಟಿಯಂಗಡಿಯಲ್ಲಿ ಸಿಕ್ಕಿದ್ದು ಜಗಲಿಯ ಮೆಟ್ಟಿಲಾಗಿತ್ತು. ಇನ್ನೊಂದರ ಮೇಲೆ ಯಾರೋ ಮೀನು ಕೊಯ್ಯುತ್ತಿದ್ದರು. ಅದರಲ್ಲಿ ಗಣಪತಿಯ ಚಿತ್ರವಿತ್ತು, ಅದನ್ನು ಅವರಿಗೆ ಹೇಳುವ ಧೈರ್ಯ ನಮಗಾಗಲಿಲ್ಲ.

ಕೆಳಗಿನ ಸಾಲಿನ ಮೂಲೆಯಲ್ಲಿ, ಊಟದ ಮಣೆಯಷ್ಟು ದೊಡ್ಡದೊಂದು ಕಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು. ತಿರುಗಿಸಿ ನೋಡಿದರೆ ಏನೂ ಇಲ್ಲ, ಒಣಗಿದ ಗೋಂದಿನ ಹೊಳಪು ಮಾತ್ರ.

"ಮಾವ, ಇದಕ್ ಎಂತ ಬರಿಲಿ?"

"ಚೀಟಿ ಇಡ್. ಬರುದ್ ಬ್ಯಾಡ."

"ಖಾಲಿ ಚೀಟಿಯಾ?"

"ಖಾಲಿ ಕಲ್ಲಿಗ್ ಮತ್ತೆಂತ ಚೀಟಿ ಇಡ್ತೆ ನೀನ್?"

ತರ್ಕ ಸರಿಯಾಗಿಯೇ ಇತ್ತು. ಆದರೆ ಆ ಖಾಲಿ ಕಲ್ಲಿಗೆ ಮಾವ ವರ್ಷಕ್ಕೊಮ್ಮೆ, ಬಾಗಿಲು ಹಾಕಿಕೊಂಡು, ಹಳೆಯ ಗೋಂದು ತೊಳೆದು ಹೊಸ ಗೋಂದು ಹಚ್ಚುತ್ತಿದ್ದರು. ಗಣಪತಿಯ ಕಲ್ಲಿಗೂ ಆ ಸೇವೆ ಇರಲಿಲ್ಲ! ನನಗೆ ತಲೆ ಕೆಟ್ಟುಹೋಗುತ್ತಿತ್ತು. ನಿಧಿಯ ನಕ್ಷೆಯೇ? ಮುಂಬಯಿಯ ಯಾವುದಾದರೂ ಗುಟ್ಟೇ? ಕಳ್ಳನೋಟು ಅಚ್ಚು ಹಾಕುವ ಕಲ್ಲು ಎಂದೂ ಒಂದು ರಾತ್ರಿ ಅನುಮಾನ ಬಂದು ಬೆವತಿದ್ದೆ.

ಅತ್ತೆಗೆ ಮಾತ್ರ ಆ ಕಲ್ಲು ಬೇರೆಯೇ ಕಾರಣಕ್ಕೆ ಕಣ್ಣಿಗೆ ಬಿದ್ದಿತ್ತು. ಹಿತ್ತಲಿನ ಒಗೆಯುವ ಕಲ್ಲು ಒಡೆದು ವರ್ಷಗಳಾಗಿದ್ದವು. "ಎಂತದೂ ಇಲ್ದಿದ್ ಕಲ್ಲ್ ಅದ್. ನಂಗಾರೂ ಕೊಡಿ, ಬಟ್ಟಿ ಒಗಿತೆ" ಎಂದು ಅವರು ಕೇಳುತ್ತಲೇ ಇದ್ದರು. ಮಾವ ಹೊಸ ಒಗೆಯುವ ಕಲ್ಲು ತಂದು ಹಾಕಿದರೇ ವಿನಾ ಅದನ್ನು ಕೊಡಲಿಲ್ಲ. ಹೊಸ ಕಲ್ಲು ಬಂದ ದಿನ ಅತ್ತೆ ನನ್ನ ಬಳಿ ಹೇಳಿದ್ದು ಇಷ್ಟೇ: "ಚಿತ್ರ ಇದ್ದ್ ಕಲ್ಲಾರೆ ಅಡ್ಡಿಲ್ಲೆ ಅನ್ಲಕ್ಕ್. ಖಾಲಿ ಕಲ್ಲಿಗಿಂತ್ಲೂ ನಾನ್ ಕಡಿ ಆದ್ನಲ್ಲೆ, ಹೆಣ್ಣೇ." ನಗುತ್ತಲೇ ಹೇಳಿದರು. ಆದರೂ ನಾನು ನಗಲಿಲ್ಲ.

ಈಚೆಗೆ ಅತ್ತೆಗೆ ಇನ್ನೊಂದು ತೊಂದರೆ ಹತ್ತಿಕೊಂಡಿತು. ರೇಷನ್ ಅಂಗಡಿಯ ಮಿಷನ್ನಿಗೆ ಅವರ ಹೆಬ್ಬೆರಳು ಕಾಣುವುದಿಲ್ಲ! ಗೇರುಬೀಜದ ಸಿಪ್ಪೆಯ ಎಣ್ಣೆ ಬೆಂಕಿಯಂಥದ್ದು. ವರ್ಷಗಟ್ಟಲೆ ಬೀಜ ಒಡೆದವರ ಬೆರಳಿನ ಗೆರೆಗಳನ್ನೆಲ್ಲ ಅದು ತಿಂದುಬಿಡುತ್ತದೆ. ಅಂಗಡಿಯವರು ಪಾಪ, ಬೆರಳು ಒರೆಸಿ ನೋಡಿದರು, ಒದ್ದೆ ಮಾಡಿ ನೋಡಿದರು, ಹತ್ತು ಬೆರಳನ್ನೂ ಇಡಿಸಿದರು. ಮಿಷನ್ನಿನಲ್ಲಿ ಕೆಂಪು ದೀಪವೇ.

"ಅಕ್ಕ, ನೀವ್ ನೀವಲ್ಲ ಅಂಬ್ರ್" ಎಂದರಂತೆ ಅವರು ಸಂಕೋಚದಿಂದ.

"ಹಾಂಗಾರೆ ಇಲ್ಲ್ ನಿಂತದ್ ಯಾರ್ ಮಾರಾಯ್ರೆ? ನನ್ ಭೂತವಾ?" ಎಂದು ಅತ್ತೆ ಜೋರು ಮಾಡಿದರು. ಮನೆಗೆ ಬಂದವರು ಮಾತ್ರ ಜಗಲಿಯಲ್ಲಿ ಕೂತು ಬಹಳ ಹೊತ್ತು ತಮ್ಮ ಕೈಯನ್ನೇ ನೋಡುತ್ತಿದ್ದರು. ಬೋಳು ಬೋಳಾದ, ತುದಿ ಹೊಳೆಯುವ ಬೆರಳುಗಳು.

ಮಾವ ಪೇಪರಿನಿಂದ ತಲೆಯೆತ್ತಿ, "ನಿನ್ ಬೆರಳ್ ಎಲ್ಲಿಗೂ ಹೋಯ್ಲಿಲ್ಲೆ, ಸುಮ್ನಿರ್" ಎಂದರು.

"ಮತ್ತೆಲ್ಲಿತ್ತ್?"

"ಇತ್ತ್, ಒಂದ್ ಕಡೆ."

ಒಂದು ಕಡೆ ಇದೆಯಂತೆ! ಇದು ಸಮಾಧಾನ ಹೇಳುವ ರೀತಿಯೇ? ಅವತ್ತು ಮಾವನಿಗೆ ಸಿಕ್ಕಿದ ಸಾರಿನಲ್ಲಿ ಮೀನಿರಲಿಲ್ಲ.

ಸರಿ, ಇನ್ನು ಸುತ್ತಲು ದಾರಿಯಿಲ್ಲ. ಶನಿವಾರಕ್ಕೆ ಬಂದೆವು.

ಕಲ್ಲುಗಳನ್ನು ನಿಲ್ಲಿಸಲು ಮಾವ ಗೋಡೆಯುದ್ದಕ್ಕೂ ಮೂರು ಅಂತಸ್ತಿನ ಮರದ ಸ್ಟ್ಯಾಂಡ್ ಮಾಡಿದ್ದರು. ಅತ್ತೆಯ ತಮ್ಮಂದಿರ ಹಳೆಯ ದೋಣಿ ಬಿಚ್ಚಿದ ಹಲಗೆಗಳು. "ಸಮುದ್ರದ ನೀರ್ ಕುಡ್ದ್ ಮರ, ಒರಲೆ ಹತ್ರ ಬತ್ತಿಲ್ಲೆ" ಎಂದು ಅವರು ಹೇಳಿಯೇ ಕೊಟ್ಟಿದ್ದರು. ಆದರೆ ಮಾವನಿಗೆ, ಹಲಗೆಯ ಉಪ್ಪು ಕಲ್ಲಿಗೆ ಇಳಿದರೆ ಎಂಬ ಚಿಂತೆ. ಒಂದೊಂದು ಹಲಗೆಯನ್ನೂ ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಟ್ಟು, ತಿಕ್ಕಿ, ಒಂದು ಇಡೀ ಬೇಸಿಗೆ ಒಣಗಿಸಿ, ಉಪ್ಪಿನ ಹೆಸರೂ ಇಲ್ಲದಂತೆ ಮಾಡಿದ್ದರು. ಒರಲೆಗೆ, ಎಂದರೆ ಗೆದ್ದಲಿಗೆ, ಎಲೆ ಹಾಕಿ ಬಡಿಸಿದ ಹಾಗೆ! ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಳಗೆ ಒರಲೆಗಳು ಎಷ್ಟು ವರ್ಷದಿಂದ ಉಂಡವೋ.

ಆ ಮಧ್ಯಾಹ್ನ ಹಟ್ಟಿಯಂಗಡಿಯ ಕಲ್ಲನ್ನು ಮೇಲಿನ ಅಂತಸ್ತಿಗೆ ಏರಿಸಿ, ಬಂದ ಇಬ್ಬರು ಕೂಲಿಯವರು ಹೊರಗೆ ಹೋಗಿದ್ದರು. ಮಾವ ಬಾಗಿಲ ಹತ್ತಿರ ನಿಂತು ಕಲ್ಲು ನೆಟ್ಟಗಿದೆಯೇ ಎಂದು ತಲೆ ಓರೆ ಮಾಡಿ ನೋಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ಚೀಟಿ ಹಿಡಿದು ನಿಂತಿದ್ದೆ. ಅತ್ತೆ ಚಹದ ಲೋಟಗಳನ್ನು ಹಿಡಿದು ಆಗಷ್ಟೇ ಹೊಸ್ತಿಲಿಗೆ ಬಂದಿದ್ದರು.

ಲಟ್.

ಸಣ್ಣ ಸದ್ದು. ಹಪ್ಪಳ ಮುರಿದಷ್ಟು. ಮೂರೂ ಜನ ಸುರಕ್ಷಿತವಾಗಿಯೇ ಇದ್ದೆವು ಎಂಬುದನ್ನು ದಯವಿಟ್ಟು ಗಮನಿಸಿ. ಒಂದು ಹೆಜ್ಜೆ ಹಿಂದೆ ಇಟ್ಟಿದ್ದರೆ ಮೂವರೂ ಅಂಗಳದಲ್ಲಿರುತ್ತಿದ್ದೆವು. ನಾನು ಹಿಂದೆ ಇಟ್ಟೆ. ಮಾವ ಮುಂದೆ ಓಡಿದರು.

ನನಗೆ ಈಗಲೂ ಅದು ಒಂದೊಂದು ತುಣುಕಾಗಿ ಕಾಣುತ್ತದೆ. ಸ್ಟ್ಯಾಂಡಿನ ಕಂಬ ನಿಧಾನವಾಗಿ, ನಿದ್ದೆ ಬಂದವರ ಹಾಗೆ, ಮುಂದಕ್ಕೆ ವಾಲಿತು. ಮಾವ ಅದರ ಕೆಳಗೆ ಬಗ್ಗಿ ಮೂಲೆಗೆ ಹೋದರು. ಗೋಡೆಗೆ ಮುಖ ಮಾಡಿದ್ದ ಆ ಖಾಲಿ ಕಲ್ಲನ್ನು ಎರಡೂ ಕೈಯಿಂದ ಎದೆಗೆ ಎತ್ತಿಕೊಂಡರು. ಅತ್ತೆ "ಬಿಡಿ! ಆ ಕಲ್ಲ್ ಬಿಡಿ!" ಎಂದು ಕಿರುಚಿದರು. ಮೇಲಿನ ಸಾಲಿನ ಮೊದಲ ಕಲ್ಲು ಜಾರಿತು. ಮಾವ ಬಾಗಿಲ ಕಡೆಗೆ ನೋಡಿದರು. ಬಾಗಿಲು ದೂರವಿತ್ತು. ನಮ್ಮನ್ನು ನೋಡಿದ ಆ ಕಣ್ಣುಗಳಲ್ಲಿ ಭಯವಿರಲಿಲ್ಲ, ಲೆಕ್ಕಾಚಾರವಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಆಮೇಲೆ ಎಲ್ಲವೂ ಬಿತ್ತು. ಒಂದರ ಮೇಲೊಂದು, ನೆಲವೇ ಕುಪ್ಪಳಿಸುವ ಹಾಗೆ. ಕೊನೆಗೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

ಎಷ್ಟು ಹೊತ್ತೋ ತಿಳಿಯದು. ಅತ್ತೆಯ ಕೈಯಲ್ಲಿ ಚಹದ ಲೋಟಗಳು ಹಾಗೇ ಇದ್ದವು. ಚಹ ಒಂದು ಹನಿಯೂ ಚೆಲ್ಲಿರಲಿಲ್ಲ.

ಧೂಳಿನೊಳಗಿನಿಂದ ಯಾರೋ ಕೆಮ್ಮಿದರು. ಶೆಡ್ಡಿನ ನಡುವೆ ನಿಂತಿದ್ದ ಕಬ್ಬಿಣದ ಪ್ರೆಸ್ಸಿನ ಹಾಸಿನ ಕೆಳಗಿನಿಂದ ದನಿ ಬಂತು:

"ಹ್ವಾಯ್! ಒಳ್ಗ್ ಬಪ್ಪವ್ರ್ ಯಾರೂ ಕೈ ತೊಳಿದೆ ಮುಟ್ಟುಕಾಗ!"

ಅತ್ತೆ ಎರಡು ಲೋಟಗಳನ್ನೂ ನೆಲಕ್ಕೆ ಅಪ್ಪಳಿಸಿದರು.

ಕೂಲಿಯವರು ಬಂದು ಎಳೆದು ತೆಗೆದಾಗ ಮಾವನ ಬಲಗಾಲಿನ ಎರಡು ಬೆರಳು ಜಜ್ಜಿದ್ದವು. ಕಲ್ಲು ಮಾತ್ರ ಎದೆಗೊತ್ತಿ ಹಿಡಿದ ಹಾಗೇ ಇತ್ತು, ಒಂದು ಗೀರೂ ಇರಲಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕಾಲಿಗೆ ಏನು ಬಿತ್ತು ಎಂದು ಕೇಳಿದ್ದಕ್ಕೆ, "ಗಣಪತಿ" ಎಂದರು. ಮೀನು ಕೊಯ್ಯುತ್ತಿದ್ದವರ ಗಣಪತಿ ಇರಬೇಕು. ಡಾಕ್ಟರು ತಲೆಗೂ ಏಟು ಬಿದ್ದಿದೆಯೇ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿದರು.

ಆಮೇಲಿನ ನಾಲ್ಕು ದಿನ ಅತ್ತೆ ಮಾವನ ಜೊತೆ ಮಾತಾಡಲಿಲ್ಲ. ಮಾತೆಲ್ಲ ನನ್ನ ಮೂಲಕ.

"ನಿನ್ ಮಾವನಿಗ್ ಹೇಳ್, ಗಂಜಿ ತಣ್ಗಾತ್ತ್ ಅಂತ."

"ನಿನ್ನತ್ತೆಗ್ ಹೇಳ್, ಗಂಜಿಗ್ ಉಪ್ಪಿಲ್ಲೆ ಅಂತ."

"ಉಪ್ಪ್ ತೊಳುದ್ರಲ್ಲ್ ಹುಷಾರಲ್ದಾ, ಹಾಂಗೇ ತಿನ್ಲಿ ಅಂತ ಹೇಳ್!"

ಐದನೆಯ ದಿನ ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ, ಚೀಲ ಹಿಡಿದು ಜಗಲಿಗೆ ಬಂದರು. "ನಾನ್ ತವ್ರಿಗ್ ಹೋತೆ, ಇನ್ ಬತ್ತಿಲ್ಲೆ" ಎಂದರು. ತವರು ಎಂದರೆ ಬೇಲಿಯಾಚೆ, ಹತ್ತು ಹೆಜ್ಜೆ. ಆದರೂ ಅದು ತಮಾಷೆಯಾಗಿರಲಿಲ್ಲ. ಶೆಡ್ಡು ಅವರ ತಮ್ಮಂದಿರದ್ದು. ಅಕ್ಕ ಒಂದು ಮಾತು ಹೇಳಿದರೆ ಸಂಜೆಯೊಳಗೆ ಬೀಗ ಬೀಳುತ್ತದೆ, ಕಲ್ಲುಗಳೆಲ್ಲ ಮತ್ತೆ ಒಗೆಯಲು, ಮೆಟ್ಟಲು, ಮೀನು ಕೊಯ್ಯಲು ಹೋಗುತ್ತವೆ. ಅಂಥದ್ದೊಂದು ಮಾತು ಹೇಳುವ ಮುಖವೇ ಅದು.

ಮೊದಲ ಸಲ ನೇರವಾಗಿ ಮಾವನನ್ನು ನೋಡಿ ಅತ್ತೆ ಕೇಳಿದರು: "ಖಾಲಿ ಕಲ್ಲಿಗೋಸ್ಕರ ಸಾಯುಕ್ ಹೊರ್ಟ್ರಿ ನೀವ್. ನನ್ ಕಣ್ಣೆದ್ರ್. ಎಂತಿತ್ತ್ ಅದ್ರಲ್ಲ್?"

ನನಗೂ ಆ ಉತ್ತರ ಬೇಕಾಗಿತ್ತು. ಅವರಿಗಿಂತ ಹೆಚ್ಚೇ ಬೇಕಾಗಿತ್ತು, ಐದು ರಾತ್ರಿಯಿಂದ ನಾನು ಕಣ್ಣು ಮುಚ್ಚಿದರೆ ಆ ಕಂಬ ವಾಲುತ್ತಿತ್ತು.

ಮಾವ ಪ್ಲಾಸ್ಟರಿನ ಕಾಲನ್ನು ಸ್ಟೂಲಿನಿಂದ ಇಳಿಸಿದರು. "ಹೆಣ್ಣೇ, ಆ ಕಲ್ಲ್ ಪ್ರೆಸ್ಸಿನ್ ಮೇಲ್ ಇಡ್ಸ್. ಕೈ ತೊಳ್ಕಂಡ್ ಬಾ."

ಶೆಡ್ಡಿನಲ್ಲಿ ಅವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಮಾಡಿದೆ. ಸ್ಪಂಜಿನಿಂದ ಗೋಂದು ತೊಳೆದೆ. ಕಲ್ಲು ಒದ್ದೆಯಾಗಿ ಕಪ್ಪಿಟ್ಟಿತು. ಏನೂ ಇರಲಿಲ್ಲ. "ಶಾಯಿ" ಎಂದರು. ರೋಲರ್ ಉರುಳಿಸಿದೆ. ಏನೂ ಇಲ್ಲ. "ಇನ್ನೊಂದ್ ಸಲ. ನೀರ್ ಒಣ್ಗುಕಾಗ. ಮತ್ತೆ ಶಾಯಿ." ಅತ್ತೆ ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು, ನೋಡದವರ ಹಾಗೆ.

ಮೂರನೆಯ ಸಲ ರೋಲರ್ ಹೋದ ದಾರಿಯಲ್ಲಿ ಒಂದು ಕೊಕ್ಕು ಮೂಡಿತು. ಆಮೇಲೆ ಒಂದು ಕಣ್ಣು, ರೆಕ್ಕೆ, ಉದ್ದ ಬಾಲ. ಗಿಳಿ! ಯಾವುದೋ ತಲೆಗೆ ಹಚ್ಚುವ ಎಣ್ಣೆಯ ಲೇಬಲ್ಲು. ಸುತ್ತ ಉಲ್ಟಾ ಅಕ್ಷರಗಳು.

ಬಾಗಿಲಲ್ಲಿ ಚೀಲ ಕೆಳಗೆ ಬಿದ್ದ ಸದ್ದಾಯಿತು. "ಆ ಗಿಳಿ!" ಎಂದರು ಅತ್ತೆ.

ನಾನು ಉರುಳಿಸುತ್ತಲೇ ಇದ್ದೆ. ಗಿಳಿಯ ಬಾಲದ ಪಕ್ಕದಲ್ಲಿ ಐದು ಚುಕ್ಕೆಗಳು ಎದ್ದವು. ಚುಕ್ಕೆಗಳು ಬೆರಳಾದವು. ಬೆರಳುಗಳು ಒಂದು ಅಂಗೈಗೆ ಸೇರಿದವು. ಗಿಳಿಯನ್ನು ಹಿಡಿಯಲು ಹೊರಟಂತೆ ಅಗಲಕ್ಕೆ ಬಿಚ್ಚಿದ, ಸಣ್ಣದೊಂದು ಹೆಣ್ಣು ಕೈ. ಅದರ ಒಂದೊಂದು ಬೆರಳಿನ ತುದಿಯಲ್ಲೂ ಗೆರೆ, ಗೆರೆಯೊಳಗೆ ಗೆರೆ, ಸುಳಿ. ಒಂದೂ ಅಳಿದಿರಲಿಲ್ಲ.

"ಮದಿ ಆದ್ ಹೊಸ್ತರಲ್ಲ್, ಮುಂಬಯಲ್ಲಿಪ್ಪತಿಗೆ, ನಂಗ್ ಬುತ್ತಿ ತಂದಿದ್ಲ್" ಎಂದರು ಮಾವ ನನಗೆ. ಹೆಂಡತಿಗೆ ಹೇಳಬೇಕಾದ್ದನ್ನು ಈಗಲೂ ನನ್ನ ಮೂಲಕವೇ ಹೇಳುತ್ತಿದ್ದರು. "ಬಂಗುಡೆ ಹುರ್ದ್ ಕೈ. ನಾನ್ ಉಜ್ಜಿ ಹದ ಮಾಡಿಟ್ಟ್ ಕಲ್ಲ್ ಕಂಡ್, ಎಷ್ಟ್ ತಣ್ಗಿತ್ತ್ ಕಾಣಿ ಅಂತ ಕೈ ಇಟ್ಳ್. ಅದ್ರ್ ಮೇಲೇ ಆರ್ಟಿಸ್ಟ್ ಗಿಳಿ ಬರ್ದ. ಮರ್ದಿವ್ಸ ಅಚ್ಚ್ ಹಾಕ್ರೆ ಗಿಳಿ ಹಿಂದ್ ಒಂದ್ ಕೈ! ಸೇಟ್ 'ಯೇ ಕಿಸ್ಕಾ ಹಾತ್ ಹೈ' ಅಂತ ಕೂಗ್ದ. ನಂದ್ ಅಂದೆ. ಇಷ್ಟ್ ಸಣ್ಣ ಕೈ ನಿಂದಾ ಅಂತ ಕೇಣ್ದ. ಉಜ್ಜಿ ತೆಗಿ ಅಂದ."

"ಉಜ್ಜಿದೆ ಅಂದಿದ್ರಿ ನೀವ್" ಎಂದರು ಅತ್ತೆ.

"ಸುಳ್ಳ್ ಹೇಳಿದ್ದೆ. ಮೇಲಿನ್ ಶಾಯಿ ಮಾತ್ರ ಒರ್ಸಿದ್ದೆ." ಮಾವ ತಮ್ಮ ಪ್ಲಾಸ್ಟರನ್ನು ನೋಡುತ್ತ ಹೇಳಿದರು. "ಎಷ್ಟ್ ದೇವ್ರನ್ನೆಲ್ಲ ಉಜ್ಜಿ ತೆಗ್ದೆ. ಇದೊಂದ್ ಆಯ್ಲಿಲ್ಲೆ."

ನನಗೆ ಏನು ಮಾಡುವುದೆಂದು ತಿಳಿಯದೆ, ಕಾಗದ ಇಟ್ಟು, ಪ್ರೆಸ್ಸಿನ ಚಕ್ರ ತಿರುಗಿಸಿ ಒಂದು ಅಚ್ಚು ತೆಗೆದೆ. ಅತ್ತೆ ಹತ್ತಿರ ಬಂದು, ಕಾಗದದ ಮೇಲಿನ ಕೈಗೆ ತಮ್ಮ ಬಲಗೈ ಹಿಡಿದು ನೋಡಿದರು. ಹೆಬ್ಬೆರಳು ಇರಬೇಕಾದಲ್ಲಿ ಕಿರುಬೆರಳು.

"ಇದ್ ನಂದಲ್ಲ. ಎಡಗೈ ಇದ್" ಎಂದರು. ರೇಷನ್ ಅಂಗಡಿಯಿಂದ ಬಂದ ದಿನದ ದನಿ.

"ಕಾಗ್ದದಲ್ಲ್ ಉಲ್ಟಾ ಬಪ್ಪುದ್" ಎಂದರು ಮಾವ, ಈಗ ನೇರವಾಗಿ ಅತ್ತೆಗೇ. "ಸಮ ಕಾಣ್ಕಾರೆ ಕಲ್ಲಿನ್ ಮೇಲೇ ಇಡ್ಕ್."

ಅತ್ತೆ ಕಲ್ಲಿನತ್ತ ಕೈ ಚಾಚಿದರು. ಅರ್ಧಕ್ಕೆ ತಡೆದು, ಅಂಗೈ ತಿರುಗಿಸಿ ನೋಡಿಕೊಂಡರು. ಬೆಳಗಿನ ಒಗ್ಗರಣೆಯ ಎಣ್ಣೆ ಇನ್ನೂ ಇತ್ತೇನೋ. ಅವರ ಕಣ್ಣು ಬಾಗಿಲಲ್ಲಿದ್ದ ಬಕೆಟಿನ ಕಡೆಗೆ, ಅಂಟುವಾಳದ ಡಬ್ಬಿಯ ಕಡೆಗೆ ಹೋಯಿತು.

"ತಡೀನಿ, ಕೈ ತೊಳ್ಕಂಡ್ ಬತ್ತೆ."

"ಬ್ಯಾಡ" ಎಂದರು ಮಾವ. "ಹಾಂಗೇ ಇಡ್."